ಸಿಸೇರಿಯನ್‌ನಲ್ಲಿ ರಕ್ತ ಹೆಚ್ಚು ಹೋಗದಂತೆ ಟ್ರಾನೆಕ್ಸಾಮಿಕ್ ಆಸಿಡ್ ಮೊದಲೇ ಕೊಡಿಸಬೇಕೇ?

ತಂಗಿಗೆ ಮುಂದಿನ ತಿಂಗಳು ಎರಡನೇ ಸಿಸೇರಿಯನ್, ಹಿಮೋಗ್ಲೋಬಿನ್ 9.4, ಈ ಇಂಜೆಕ್ಷನ್ ಬೇಕೇಬೇಕಾ ಅಂತ ಕೇಳಿದ್ದೀರಿ. ಕೊಡಬಹುದು, ಆದರೆ ಮೊದಲ ಔಷಧ ಅದಲ್ಲ.

ಮಾಸು ಕಳಚಿದ ಜಾಗದಲ್ಲಿ ರಕ್ತನಾಳಗಳು ಬಾಯಿ ತೆರೆದುಕೊಂಡಿರುತ್ತವೆ. ಗರ್ಭಕೋಶದ ಸ್ನಾಯು ಬಿಗಿಯಾದಾಗ ಅವು ಹಿಸುಕಿದಂತಾಗಿ ಮುಚ್ಚಿಕೊಳ್ಳುತ್ತವೆ. ಹಾಗೆ ಬಿಗಿಯಾಗಿಸುವ ಮೊದಲ ಔಷಧವೇ ಆಕ್ಸಿಟೋಸಿನ್. ನೋವು ಶುರುವಾಗುವ ಮುಂಚೆಯೇ ದಿನ ಗೊತ್ತು ಮಾಡಿ ಮಾಡುವ ಆಪರೇಷನ್‌ಗೆ, ಮಗು ಹೊರಬಂದ ಮೇಲೆ 1 ಯೂನಿಟ್, ನಂತರ ಗಂಟೆಗೆ 2.5ರಿಂದ 7.5 ಯೂನಿಟ್‌ನಂತೆ ಡ್ರಿಪ್, ಸಾಮಾನ್ಯವಾಗಿ ಸಾಕಾಗುತ್ತದೆ. ಗಂಟೆಗಟ್ಟಲೆ ನೋವು ತಿಂದವರಲ್ಲಿ ಸ್ನಾಯು ಅಷ್ಟಕ್ಕೆ ಮಣಿಯುವುದಿಲ್ಲ. ಅವರಿಗೆ 3 ಯೂನಿಟ್ ಅರ್ಧ ನಿಮಿಷಕ್ಕೆ ಕಡಿಮೆಯಿಲ್ಲದಂತೆ ನಿಧಾನವಾಗಿ ಕೊಡುತ್ತಾರೆ. 10 ಯೂನಿಟ್ ಒಂದೇ ಸಲ ರಕ್ತನಾಳಕ್ಕೆ ನೂಕಿದರೆ ಬಿಪಿ ಕುಸಿಯುತ್ತದೆ, ಎದೆ ಬಡಿತ ಏರುತ್ತದೆ. ಇನ್ನೊಂದು ತೊಂದರೆ ಫ್ರಿಜ್‌ನದು. ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಸೆಕೆಯಲ್ಲಿ ಬಿದ್ದಿದ್ದರೆ ಶಕ್ತಿ ಕಳೆದುಕೊಳ್ಳುತ್ತದೆ. ಇದೇ ಕೆಲಸ ಮಾಡುವ, ಶಾಖ ತಡೆಯುವ ಕಾರ್ಬೆಟೋಸಿನ್ ಸಿಕ್ಕರೆ 100 ಮೈಕ್ರೋಗ್ರಾಂ ಒಂದೇ ಡೋಸ್.

ಟ್ರಾನೆಕ್ಸಾಮಿಕ್ ಗರ್ಭಕೋಶವನ್ನು ಬಿಗಿ ಮಾಡುವುದಿಲ್ಲ, ಕಟ್ಟಿದ ಹೆಪ್ಪು ಕರಗದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಫ್ರಾನ್ಸ್‌ನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಟ್ರಾಪ್-2 ಅಧ್ಯಯನದಲ್ಲಿ ಆಕ್ಸಿಟೋಸಿನ್‌ನಂಥ ಔಷಧದ ಜೊತೆಗೆ ಹೊಕ್ಕುಳಬಳ್ಳಿ ಕಟ್ಟಿದ ಮೇಲೆ 1 ಗ್ರಾಂ ಕೊಟ್ಟಾಗ, ಒಂದು ಲೀಟರ್ ಮೀರಿ ರಕ್ತ ಹೋದವರು ಅಥವಾ ರಕ್ತ ಏರಿಸಿಕೊಂಡವರು 31.6ರಿಂದ 26.7 ಶೇಕಡಾಕ್ಕೆ ಇಳಿದರು. ರಕ್ತ ಏರಿಸುವುದನ್ನಷ್ಟೇ ನೋಡಿದರೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ವಾಂತಿ, ವಾಕರಿಕೆ ಮಾತ್ರ ಹೆಚ್ಚು. 2023ರಲ್ಲಿ ಬಂದ, ಸುಮಾರು 11 ಸಾವಿರ ಮಂದಿಯ ಅಮೆರಿಕದ ಅಧ್ಯಯನದಲ್ಲೂ ಸಾವು ಅಥವಾ ರಕ್ತ ಏರಿಸುವುದು ಗಟ್ಟಿಯಾಗಿ ಹೇಳುವಷ್ಟು ತಗ್ಗಲಿಲ್ಲ. ಹಾಗಾಗಿ ಎಲ್ಲರಿಗೂ ಬೇಡ, ರಕ್ತ ಕಡಿಮೆ ಇರುವವರು, ಮಾಸು ಕೆಳಗಿರುವವರಂಥವರಿಗೆ ಯೋಚಿಸಬಹುದು ಎನ್ನುವವನು ನಾನು. ಸ್ರಾವ ಶುರುವಾದ ಮೇಲಿನ ಮಾತು ಬೇರೆ: ಆಗ ಹೆರಿಗೆಯಾದ 3 ಗಂಟೆಯೊಳಗೆ 1 ಗ್ರಾಂ, ಹತ್ತು ನಿಮಿಷದಲ್ಲಿ ನಿಧಾನವಾಗಿ, ಕೊಡಲೇಬೇಕು. ಕಾಲಿನಲ್ಲೋ ಶ್ವಾಸಕೋಶದಲ್ಲೋ ಹೆಪ್ಪುಗಟ್ಟಿದ್ದರೆ, ಫಿಟ್ಸ್ ಅಥವಾ ಕಿಡ್ನಿ ತೊಂದರೆಯಿದ್ದರೆ ಮೊದಲೇ ಹೇಳಿ.

ಓಟಿಯಲ್ಲಿರುವವರಿಗೊಂದು ಮಾತು. ಟ್ರಾನೆಕ್ಸಾಮಿಕ್‌ನ ಆಂಪ್ಯೂಲ್ ಬೆನ್ನಿಗೆ ಕೊಡುವ ಅರಿವಳಿಕೆ ಔಷಧ ಬ್ಯುಪಿವಕೇನ್‌ನಂತೆಯೇ ಕಾಣುವುದುಂಟು. ಅದಲುಬದಲಾಗಿ ಬೆನ್ನಿಗೆ ಹೋಗಿ ತಾಯಂದಿರು ಸತ್ತಿದ್ದಾರೆ. ಅರಿವಳಿಕೆಯ ಟ್ರೇ ಹತ್ತಿರವೂ ಇಡಬೇಡಿ.

ನಿಮ್ಮ ತಂಗಿಯ ವಿಷಯದಲ್ಲಿ ನನಗೆ ಇಂಜೆಕ್ಷನ್‌ಗಿಂತ ಆ 9.4 ಮುಖ್ಯ. ಒಂದೇ ತಿಂಗಳು ಉಳಿದಿರುವುದರಿಂದ ಮಾತ್ರೆ ನಂಬಿ ಕೂರದೆ ಡ್ರಿಪ್‌ನಲ್ಲಿ ಕಬ್ಬಿಣಾಂಶ ಕೊಡಬಹುದೇ ಎಂದು ಈ ವಾರವೇ ಕೇಳಿ. ಸ್ಕ್ಯಾನಿಂಗ್‌ನಲ್ಲಿ ಮಾಸು ಹಳೆಯ ಹೊಲಿಗೆಯ ಮೇಲೆ ಕೂತಿದೆಯೇ ನೋಡಿಸಿ. ಕೂತಿದ್ದರೆ ಅದು ಅಂಟಿಕೊಂಡಿರಬಹುದು, ಬ್ಲಡ್ ಬ್ಯಾಂಕ್ ಇರುವ ದೊಡ್ಡ ಆಸ್ಪತ್ರೆಯೇ ಆಗಬೇಕು. ಗರ್ಭಕೋಶ ಬಿಗಿ ಮಾಡುವ ಬೇರೆ ಔಷಧಗಳಲ್ಲಿ, ಬಿಪಿ ಇದ್ದರೆ ಮೀಥೈಲ್‌ಎರ್ಗೊಮೆಟ್ರಿನ್, ಅಸ್ತಮಾ ಇದ್ದರೆ ಕಾರ್ಬೊಪ್ರೋಸ್ಟ್ ಕೊಡುವಂತಿಲ್ಲ. ಈ ಎರಡರಲ್ಲಿ ಯಾವ ಕಾಯಿಲೆಯಿದ್ದರೂ ಕೇಸ್ ಶೀಟಿನಲ್ಲಿ ಬರೆಸಿ.