ಕಚೇರಿಗೆ ಮರಳುವ ಆದೇಶದಿಂದ ನನಗೊಬ್ಬನಿಗೆ ವಿನಾಯಿತಿ ಸಿಗುವುದಾದರೆ ತೆಗೆದುಕೊಳ್ಳಲೇ?

ತೆಗೆದುಕೊಳ್ಳಬೇಡಿ. ವಾರದ ಐದೂ ದಿನ ಎಲ್ಲರೂ ಕಚೇರಿಗೆ ಬರಬೇಕೆಂಬ ಆದೇಶ, "ನಿಮ್ಮದನ್ನು ನಾನು ನೋಡಿಕೊಳ್ಳುತ್ತೇನೆ" ಎಂದು ಪ್ರತ್ಯೇಕವಾಗಿ ಕರೆದು ಹೇಳಿರುವ ಮ್ಯಾನೇಜರ್, ಸಂಬಳ ಕಡಿಮೆಯಾದರೂ ಪೂರ್ತಿ ಮನೆಯಿಂದಲೇ ಮಾಡಬಹುದಾದ ಇನ್ನೊಂದು ಕೆಲಸ: ನಿಮ್ಮ ಪ್ರಶ್ನೆಯಲ್ಲಿರುವ ಈ ಮೂರೂ ಒಂದು ಕಾಲಕ್ಕೆ ನನ್ನ ಮುಂದೆಯೂ ಇದ್ದವು. ನಾನು ವಿನಾಯಿತಿಯನ್ನು ಆರಿಸಿಕೊಂಡೆ. ಈಗ ಯೋಚಿಸಿದರೆ, ಉಳಿದೆರಡರಲ್ಲಿ ಯಾವುದನ್ನು ಆರಿಸಿಕೊಂಡಿದ್ದರೂ ಇದಕ್ಕಿಂತ ಚೆನ್ನಾಗಿರುತ್ತಿತ್ತು.

ನಾನು ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಬಿಲ್ಲಿಂಗ್‌ಗೆ ಸಂಬಂಧಿಸಿದ ಕೆಲಸವನ್ನು ನೋಡಿಕೊಳ್ಳುತ್ತಿದ್ದೆ. 2020ರಲ್ಲಿ ಎಲ್ಲ ಕಡೆಯಂತೆ ನಮ್ಮಲ್ಲಿಯೂ ಕಚೇರಿ ಮುಚ್ಚಿತು, ಮತ್ತು ನಮ್ಮ ತಂಡ ಮನೆಯಿಂದ ಮಾಡುವ ಕೆಲಸಕ್ಕೆ ನಿರೀಕ್ಷೆಗಿಂತ ಬೇಗ ಒಗ್ಗಿಕೊಂಡಿತು. ನಾವೆಲ್ಲ ಶಿಸ್ತಿನವರಾಗಿದ್ದೆವು ಎಂಬುದು ಅದಕ್ಕೆ ಕಾರಣ ಎಂದು ಆಗ ನಂಬಿದ್ದೆ. ನಿಜವಾದ ಕಾರಣ ಬೇರೆಯಿತ್ತು: ಕಚೇರಿಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಯಾವ ವಿಷಯವನ್ನೂ ಎದುರಾಎದುರು ನಿಂತು ತೀರ್ಮಾನಿಸಲು ಸಾಧ್ಯವಿರಲಿಲ್ಲ, ಹಾಗಾಗಿ ಚಿಕ್ಕಪುಟ್ಟ ನಿರ್ಧಾರಗಳೂ ತಂಡದ ಗುಂಪಿನಲ್ಲಿ ಬರಹಕ್ಕೆ ಬರುತ್ತಿದ್ದವು, ಮತ್ತು ಬರಹಕ್ಕೆ ಬಂದದ್ದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು.

ಆಮೇಲೆ ಆದೇಶ ಬಂತು. ಅದು ಜಾರಿಗೆ ಬರುವ ಮೊದಲು ನಮ್ಮ ಮ್ಯಾನೇಜರ್ ಒಂದು ಯೋಚನೆಯೊಂದಿಗೆ ನನಗೆ ಕರೆ ಮಾಡಿದ್ದರು. ಇಡೀ ತಂಡ ವಾರದಲ್ಲಿ ಗೊತ್ತುಪಡಿಸಿದ ಎರಡು ದಿನ ತಪ್ಪದೆ ಕಚೇರಿಗೆ ಬರುವುದು, ಉಳಿದ ದಿನಗಳಲ್ಲಿ ಇಡೀ ತಂಡ ಮನೆಯಿಂದಲೇ ಕೆಲಸ ಮಾಡುವುದು. ಈ ಪ್ರಸ್ತಾಪವನ್ನು ಮೇಲಿನವರ ಮುಂದಿಟ್ಟು ವಾದಿಸಲು ತಾವು ಸಿದ್ಧ, ಹಿರಿಯನಾದ ನಾನು ಬೆಂಬಲಿಸಿದರೆ ಅದಕ್ಕೆ ತೂಕ ಬರುತ್ತದೆ ಎಂದರು. ಎರಡು ದಿನವೂ ನನಗೆ ಬೇಕಿರಲಿಲ್ಲ. ನನ್ನ ಕೆಲಸದ ದಾಖಲೆ ಚೆನ್ನಾಗಿದೆ, ನನಗೆ ಪೂರ್ತಿ ವಿನಾಯಿತಿಯನ್ನೇ ಕೊಡಿಸಿ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿಕೊಂಡರು, ಮಾತಿಗೆ ತಪ್ಪದೆ ಕೊಡಿಸಿದರು ಕೂಡ.

ಈ ಕಥೆಯನ್ನು ಕೇಳಿದವರೆಲ್ಲ ನನ್ನ ತಪ್ಪು ಯಾವುದೆಂದು ಗುರುತಿಸುವಲ್ಲಿ ಎಡವುತ್ತಾರೆ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿನಾಯಿತಿಯನ್ನು ಲಿಖಿತವಾಗಿ ಪಡೆಯಬೇಕಿತ್ತು ಎನ್ನುತ್ತಾರೆ ಕೆಲವರು. ಪತ್ರ ನನ್ನ ಬಳಿ ಇತ್ತು, ಅದರಿಂದ ಏನೂ ಆಗಲಿಲ್ಲ. ವಾರಕ್ಕೊಮ್ಮೆಯಾದರೂ ಹೋಗಿ ಮುಖ ತೋರಿಸಬೇಕಿತ್ತು ಎನ್ನುತ್ತಾರೆ ಇನ್ನು ಕೆಲವರು; ಅದೂ ಅಲ್ಲ. ತಪ್ಪು ಎಂದರೆ, ತಂಡಕ್ಕಾಗಿ ಕೇಳಬಹುದಾಗಿದ್ದ ವ್ಯವಸ್ಥೆಯನ್ನು ಬಿಟ್ಟು ನನಗೊಬ್ಬನಿಗೆ ಸವಲತ್ತನ್ನು ಕೇಳಿದ್ದು. ಒಬ್ಬ ಮ್ಯಾನೇಜರ್ ಮೇಲಿನವರ ಬಳಿ ಎಷ್ಟು ಸಲ ಹೋಗಿ ಕೇಳಬಹುದು ಎಂಬುದಕ್ಕೆ ಒಂದು ಮಿತಿ ಇರುತ್ತದೆ. ಅವರ ಆ ಅವಕಾಶ ನನ್ನೊಬ್ಬನಿಗಾಗಿ ಖರ್ಚಾಗಿಹೋಯಿತು, ತಂಡದ ಪ್ರಸ್ತಾಪ ಅವರ ಮೇಜನ್ನು ದಾಟಲೇ ಇಲ್ಲ. ಅದರ ಫಲವಾಗಿ ಉಳಿದವರೆಲ್ಲರೂ ಐದೂ ದಿನ ಕಚೇರಿಯಲ್ಲಿ, ನಾನೊಬ್ಬ ಮನೆಯಲ್ಲಿ. ಯಾವ ಬರಹದ ರೂಢಿಯಿಂದ ನಾನು ಮನೆಯಲ್ಲಿ ಕುಳಿತು ಚೆನ್ನಾಗಿ ಕೆಲಸ ಮಾಡುತ್ತಿದ್ದೆನೋ, ಆ ರೂಢಿಯ ಅಗತ್ಯ ನನ್ನನ್ನು ಬಿಟ್ಟು ಬೇರೆ ಯಾರಿಗೂ ಉಳಿದಿರಲಿಲ್ಲ. ಒಬ್ಬನಿಗೋಸ್ಕರ ಎಲ್ಲರೂ ಎಲ್ಲವನ್ನೂ ಬರೆದಿಡುತ್ತಾರೆಂದು ನಿರೀಕ್ಷಿಸಿದ್ದೇ ಮೂರ್ಖತನ. ಕೇಳಿದ್ದು ನಾನು ಕೆಲಸ ಮಾಡುವ ಜಾಗವನ್ನು ಉಳಿಸಿಕೊಳ್ಳಲು. ಆ ಜಾಗದಿಂದ ಕೆಲಸ ಮಾಡುವುದನ್ನು ಸಾಧ್ಯವಾಗಿಸಿದ್ದ ವ್ಯವಸ್ಥೆಯನ್ನು ಕೈಯಾರೆ ಕೆಡವಿದ್ದೆ.

ಇದರ ಪರಿಣಾಮ ತಕ್ಷಣ ಕಾಣಿಸಲಿಲ್ಲ. ಮೀಟಿಂಗ್‌ಗಳು ಮೊದಲಿನಂತೆಯೇ ನಡೆದವು, ಆದರೆ ಮುಗಿಯುವ ರೀತಿ ಬದಲಾಯಿತು. ಕೊಠಡಿಯ ಗೋಡೆಯ ಪರದೆಯಲ್ಲಿ ನಾನು, ನನ್ನ ಪರದೆಯಲ್ಲಿ ಉದ್ದನೆಯ ಮೇಜು ಮತ್ತು ಅದರ ಸುತ್ತ ಗುರುತು ಹತ್ತದಷ್ಟು ಚಿಕ್ಕದಾಗಿ ಕಾಣುವ ಮುಖಗಳು. "ಸರಿ, ಮುಗಿಸೋಣ" ಎಂದು ಯಾರೋ ಹೇಳುತ್ತಿದ್ದರು, ಕುರ್ಚಿಗಳು ಹಿಂದಕ್ಕೆ ಸರಿಯುತ್ತಿದ್ದವು, ಬಾಗಿಲ ಹತ್ತಿರ ಇಬ್ಬರು ಮತ್ತೆ ಮಾತಿಗೆ ನಿಂತದ್ದು ಕಾಣುತ್ತಿತ್ತು. ಅವರ ಮೊದಲ ವಾಕ್ಯ ಮುಗಿಯುವ ಮುನ್ನವೇ ಕರೆ ಕಡಿದುಹೋಗುತ್ತಿತ್ತು. ಹಣ ಮರುಪಾವತಿಯ ಇಡೀ ಲೆಕ್ಕಾಚಾರವನ್ನು ಹೊಸದಾಗಿ ಬರೆಯುವ ಕೆಲಸ ಆಗ ನನ್ನ ಪಾಲಿಗೆ ಬಂದಿತ್ತು. ವಾರಗಟ್ಟಲೆ ಕುಳಿತು ಮುಗಿಸಿ, ಕೋಡನ್ನು ಪರಿಶೀಲನೆಗೆ ಕಳುಹಿಸಿದರೆ, ಒಬ್ಬ ಸಹೋದ್ಯೋಗಿ ಕೆಳಗೆ ಒಂದೇ ಸಾಲು ಬರೆದಿದ್ದ: "ಇದನ್ನು ಕೈಬಿಟ್ಟೆವಲ್ಲ, ನಿಮಗೆ ಯಾರೂ ಹೇಳಲಿಲ್ಲವೇ?" ವಿಚಾರಿಸಿದಾಗ, ಕಾಫಿ ಯಂತ್ರದ ಬಳಿ ನಡೆದ ಮಾತುಕತೆಯಲ್ಲಿ ಅದು ತೀರ್ಮಾನವಾಗಿತ್ತು, ಮತ್ತು ಅಲ್ಲಿದ್ದ ಪ್ರತಿಯೊಬ್ಬರೂ ಇನ್ನೊಬ್ಬರು ನನಗೆ ತಿಳಿಸಿರುತ್ತಾರೆ ಎಂದುಕೊಂಡಿದ್ದರು. ಯಾರಲ್ಲಿಯೂ ಕೆಟ್ಟ ಉದ್ದೇಶವಿರಲಿಲ್ಲ. ಇದ್ದಿದ್ದರೆ ಜಗಳವಾಡಿಯಾದರೂ ಸರಿಪಡಿಸಿಕೊಳ್ಳಬಹುದಿತ್ತು.

ಆ ವರ್ಷ ಬಡ್ತಿ ಸಿಗಲಿಲ್ಲ. "ಕೆಲಸ ಅಚ್ಚುಕಟ್ಟು, ಆದರೆ ಮುಂದಾಳತ್ವ ಕಾಣಿಸುತ್ತಿಲ್ಲ" ಎಂದು ಮೌಲ್ಯಮಾಪನದಲ್ಲಿ ಬರೆದಿದ್ದರು. ನಂತರ ಮ್ಯಾನೇಜರ್ ಬೇರೆ ವಿಭಾಗಕ್ಕೆ ಹೋದರು, ಅವರ ಜಾಗಕ್ಕೆ ಬಂದವರು ವಿನಾಯಿತಿಯ ಪತ್ರವನ್ನು ಓದಿ, ಇದನ್ನು ಮುಂದುವರಿಸಲು ತಮಗೆ ಕಾರಣ ಕಾಣುತ್ತಿಲ್ಲ ಎಂದರು. ರಾಜೀನಾಮೆ ಕೊಟ್ಟೆ. ಆ ಹೊತ್ತಿಗೆ ಮನೆಯಿಂದಲೇ ಮಾಡಬಹುದಾಗಿದ್ದ ಆ ಇನ್ನೊಂದು ಕೆಲಸವೂ ಕೈತಪ್ಪಿತ್ತು.

ನಿಮ್ಮ ಪ್ರಶ್ನೆಯ ಕೊನೆಯಲ್ಲಿ, ಮನೆಯಲ್ಲಿ ನೀವು ಹೆಚ್ಚು ಕೆಲಸ ಮಾಡುತ್ತೀರಿ, ಅದಕ್ಕೆ ಲೆಕ್ಕವೂ ಇದೆ, ಅದನ್ನು ತೋರಿಸಿದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ನಿಮ್ಮ ಲೆಕ್ಕ ಸುಳ್ಳೆಂದು ನಾನು ಹೇಳುತ್ತಿಲ್ಲ. ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಪ್ರವಾಸ ಸೇವೆಯ ಕಂಪನಿ ಸಿಟ್ರಿಪ್‌ನ ಕಾಲ್ ಸೆಂಟರ್‌ನಲ್ಲಿ ಒಂಬತ್ತು ತಿಂಗಳು ನಡೆಸಿ, 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಾರಕ್ಕೆ ನಾಲ್ಕು ದಿನ ಮನೆಯಿಂದ ದುಡಿದವರ ಸಾಧನೆ ಶೇ 13ರಷ್ಟು ಏರಿತು, ಕೆಲಸ ಬಿಟ್ಟು ಹೋಗುವವರ ಪ್ರಮಾಣ ಅರ್ಧಕ್ಕಿಳಿಯಿತು. ಮನೆಯಿಂದ ಕೆಲಸ ಮಾಡುವುದನ್ನು ಬೆಂಬಲಿಸುವವರೆಲ್ಲ ಈ ಎರಡು ಅಂಕಿಗಳನ್ನು ಹೇಳಿ ನಿಲ್ಲಿಸುತ್ತಾರೆ. ಅದೇ ವರದಿಯಲ್ಲಿ ಇನ್ನೊಂದು ಮಾತಿದೆ: ಅಷ್ಟೇ ಸಾಧನೆ ತೋರಿದ ಕಚೇರಿಯವರಿಗೆ ಹೋಲಿಸಿದರೆ ಮನೆಯಲ್ಲಿದ್ದವರಿಗೆ ಬಡ್ತಿ ಸಿಗುವ ಸಾಧ್ಯತೆ ಕಡಿಮೆಯಾಗಿತ್ತು. ಇದನ್ನು ನಾನು ಓದಿದ್ದು ರಾಜೀನಾಮೆಯ ನಂತರ.

ಇಂಥ ಆದೇಶ ಹೊರಡಿಸುವವರು ಒಬ್ಬೊಬ್ಬರ ದುಡಿಮೆಯ ಲೆಕ್ಕವನ್ನು ಮುಂದಿಡುವುದೂ ಕಡಿಮೆ. 2025ರ ಜನವರಿಯಿಂದ ಐದೂ ದಿನ ಕಚೇರಿಗೆ ಬರಬೇಕೆಂದು ಅಮೆಜಾನ್ 2024ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದಾಗ ಕೊಟ್ಟ ಕಾರಣಗಳು ಒಬ್ಬರಿಂದೊಬ್ಬರು ಕಲಿಯುವುದು, ಕೂಡಿ ಯೋಚಿಸುವುದು, ಸಂಸ್ಥೆಯ ಸಂಸ್ಕೃತಿ ಇಂಥವೇ. ಇವನ್ನು ನೆಪವೆಂದು ತಳ್ಳಿಹಾಕುವವರಿದ್ದಾರೆ, ನಾನೂ ತಳ್ಳಿಹಾಕಿದ್ದೆ. ಆದರೆ ಎಂಜಿನಿಯರುಗಳ ಮೇಜುಗಳ ನಡುವಿನ ದೂರ ಹೆಚ್ಚಿದಂತೆ ಅವರ ನಡುವಿನ ಮಾತುಕತೆ ಥಟ್ಟನೆ ಇಳಿಯುತ್ತದೆಂದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕ ಥಾಮಸ್ ಅಲೆನ್ 1970ರ ದಶಕದಲ್ಲಿಯೇ ತೋರಿಸಿದ್ದರು. ಎಲ್ಲರೂ ದೂರವಿದ್ದರೆ ಆ ಕೊರತೆಯನ್ನು ಎಲ್ಲರೂ ಸೇರಿ ತುಂಬಿಕೊಳ್ಳುತ್ತಾರೆ. ಒಬ್ಬನೇ ದೂರವಿದ್ದರೆ ಅದು ಆ ಒಬ್ಬನ ತಲೆನೋವು.

ಹಾಗಾಗಿ ಮನೆಯೋ ಕಚೇರಿಯೋ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ತಂಡದ ತೀರ್ಮಾನಗಳು ಎಲ್ಲಿ ಆಗುತ್ತವೆಯೋ ಅಲ್ಲಿ ನೀವಿರಬೇಕು. ಅದು ಕೊಠಡಿಯಾದರೆ ಕೊಠಡಿ, ಬರಹವಾದರೆ ಬರಹ. ಅದೇ ಸಿಟ್ರಿಪ್, ಟ್ರಿಪ್.ಕಾಮ್ ಆದ ಮೇಲೆ, ಬ್ಲೂಮ್ ಮತ್ತು ಸಂಗಡಿಗರು ಅಲ್ಲಿ 1,612 ಉದ್ಯೋಗಿಗಳ ಮೇಲೆ ಮತ್ತೊಂದು ಪ್ರಯೋಗ ನಡೆಸಿ 2024ರಲ್ಲಿ ಪ್ರಕಟಿಸಿದರು. ಈ ಸಲ ಮನೆಯಲ್ಲಿರಲು ಅವಕಾಶವಿದ್ದದ್ದು ವಾರಕ್ಕೆ ಎರಡೇ ದಿನ, ಬುಧವಾರ ಮತ್ತು ಶುಕ್ರವಾರ. ಉಳಿದ ಮೂರು ದಿನ ಎಲ್ಲರೂ ಒಂದೇ ಕಡೆ. ಕೆಲಸ ಬಿಡುವವರು ಮೂರನೇ ಒಂದರಷ್ಟು ಕಡಿಮೆಯಾದರು, ಎರಡು ವರ್ಷಗಳವರೆಗೆ ನೋಡಿದರೂ ಬಡ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆ ಮೂರು ಸಾಮಾನ್ಯ ದಿನಗಳೇ ಇದಕ್ಕೆ ಕಾರಣವೆಂದು ನಾನು ಓದಿಕೊಳ್ಳುತ್ತೇನೆ. ನನ್ನ ಮ್ಯಾನೇಜರ್ ಹೇಳಿದ್ದ ವ್ಯವಸ್ಥೆಯೂ ಹೆಚ್ಚುಕಡಿಮೆ ಇದೇ ಜಾತಿಯದು ಎಂಬುದು ನನಗೆ ಈಗಲೂ ಚುಚ್ಚುತ್ತದೆ.

ಅನಾರೋಗ್ಯ, ಅಂಗವೈಕಲ್ಯ ಅಥವಾ ಮನೆಯಲ್ಲಿ ಹಾಸಿಗೆ ಹಿಡಿದವರ ಆರೈಕೆಯಂಥ ಕಾರಣ ನಿಮಗಿದ್ದರೆ ಮಾತು ಬೇರೆ. ಆಗ ಅದನ್ನು ಮ್ಯಾನೇಜರರ ಉಪಕಾರವಾಗಿ ಪಡೆಯದೆ, ಕಂಪನಿಯ ನಿಯಮದ ಪ್ರಕಾರ ಎಚ್‌ಆರ್ ಮೂಲಕ ಪಡೆಯಿರಿ. ನಿಮ್ಮ ಪ್ರಶ್ನೆಯಲ್ಲಿ ಅಂಥದ್ದೇನೂ ಕಾಣಲಿಲ್ಲ.

ಹೊಸ ಕೆಲಸದ ವಿಷಯದಲ್ಲಿ, ಸಂಬಳ ಎಷ್ಟು ಕಡಿಮೆಯಾದರೆ ನಡೆಯುತ್ತದೆ ಎಂಬುದು ನಿಮ್ಮ ಮನೆಯ ಲೆಕ್ಕ, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಒಪ್ಪಿಕೊಳ್ಳುವ ಮುನ್ನ, ನಿಮ್ಮ ಮುಂದಿನ ಮ್ಯಾನೇಜರ್ ತಾವೇ ಎಲ್ಲಿ ಕುಳಿತು ಕೆಲಸ ಮಾಡುತ್ತಾರೆ ಮತ್ತು ಇತ್ತೀಚೆಗೆ ಬಡ್ತಿ ಪಡೆದವರು ಎಲ್ಲಿ ಕುಳಿತಿದ್ದರು ಎಂದು ಕೇಳಿ. ಇಬ್ಬರೂ ಕೇಂದ್ರ ಕಚೇರಿಯಲ್ಲಿದ್ದರೆ, ಜಾಹೀರಾತಿನಲ್ಲಿ ಏನೇ ಬರೆದಿರಲಿ, ಅಲ್ಲಿಯೂ ನೀವು ಗೋಡೆಯ ಪರದೆಯ ಮೇಲಿನ ಮುಖವೇ.

ಆದರೆ ಅದಕ್ಕೂ ಮೊದಲು ಈ ವಾರವೇ ನಿಮ್ಮ ಈಗಿನ ಮ್ಯಾನೇಜರರ ಬಳಿ ಹೋಗಿ, ನನಗೆ ಕೊಡಿಸಲು ಹೊರಟಿರುವುದನ್ನು ಬಿಟ್ಟು ಇಡೀ ತಂಡಕ್ಕೆ ಕೆಲವು ದಿನಗಳನ್ನು ಕೇಳುತ್ತೀರಾ ಎಂದು ವಿಚಾರಿಸಿ, ನಿಮ್ಮ ಸಹೋದ್ಯೋಗಿಗಳಲ್ಲಿ ಇಬ್ಬರು ಮೂವರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ಆದೇಶ ಜಾರಿಯಾದ ಮೇಲೆ ಅವರೆಲ್ಲ ಕಚೇರಿಯ ಹತ್ತಿರ ಮನೆ ಹಿಡಿದು, ಮಕ್ಕಳ ಶಾಲೆ ಬದಲಿಸಿ, ಹೊಸ ದಿನಚರಿಗೆ ಹೊಂದಿಕೊಂಡುಬಿಡುತ್ತಾರೆ. ಆಮೇಲೆ ನಿಮ್ಮ ಪರವಾಗಿ ಕೇಳಲು ಯಾರಿಗೂ ಪುರುಸೊತ್ತಿರುವುದಿಲ್ಲ.