ಎಕ್ಸ್‌ರೇ ಸರಿಯಿದೆ, ಮಗ ಕಾಲೂರುತ್ತಿಲ್ಲ

ಪ್ರಶ್ನೆ: ನಮ್ಮ ಐದು ವರ್ಷದ ಮಗ ವಾರದ ಹಿಂದೆ ಆಡುವಾಗ ಬಿದ್ದಿದ್ದ. ಮೂರು ದಿನಗಳಿಂದ ಜ್ವರವಿದೆ. ಮೊಣಕಾಲು ನೋವೆಂದು ಬಲಗಾಲು ಊರುತ್ತಿಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಆದರೂ ವೈದ್ಯರು ಸೊಂಟದ ಕೀಲಿನಲ್ಲಿ ಸೋಂಕಿರಬಹುದು, ಇಂದೇ ದಾಖಲಿಸಿ ಎನ್ನುತ್ತಾರೆ. ಉಳುಕು ತೆಗೆಯುವವರಿಗೆ ತೋರಿಸಿ ಎರಡು ದಿನ ಕಾಯಬಹುದೇ?

ಉತ್ತರ: ಕಾಯಬೇಡಿ, ಇಂದೇ ದಾಖಲಿಸಿ. ಬರೀ ಉಳುಕಾಗಿದ್ದರೆ ನೋವು ಬಿದ್ದ ದಿನವೇ ಶುರುವಾಗುತ್ತಿತ್ತು, ಜ್ವರ ಬರುತ್ತಿರಲಿಲ್ಲ. ಮೊಣಕಾಲು ನೋವೆಂದರೂ ವೈದ್ಯರು ಸೊಂಟದ ಮಾತೆತ್ತಿದ್ದು ಸರಿಯಾಗಿಯೇ ಇದೆ. ಎರಡು ಕೀಲುಗಳಿಗೂ ಒಂದೇ ನರದ ಕವಲುಗಳು ಹೋಗುವುದರಿಂದ ಸೊಂಟದ ನೋವನ್ನು ಮಕ್ಕಳು ಮೊಣಕಾಲಿನಲ್ಲಿ ತೋರಿಸುವುದುಂಟು. ಅಂಥ ಮಗು ಮಲಗಿದಾಗ ತೊಡೆಯನ್ನು ಕೊಂಚ ಮಡಚಿ ಹೊರಕ್ಕೆ ವಾಲಿಸಿಕೊಂಡಿರುತ್ತದೆ, ಚಡ್ಡಿ ಹಾಕಲು ಕಾಲನ್ನು ತುಸು ಹೊರಳಿಸಿದರೂ ಚೀರುತ್ತದೆ.

ಮೂಳೆ ಸೋಂಕಿನ ಗುರುತು ಎಕ್ಸ್‌ರೇಯಲ್ಲಿ ಮೂಡಲು ಸಾಮಾನ್ಯವಾಗಿ 10ರಿಂದ 14 ದಿನ ಹಿಡಿಯುತ್ತದೆ. ನಿಮ್ಮ ಕೈಯಲ್ಲಿರುವ ಎಕ್ಸ್‌ರೇ ಸದ್ಯಕ್ಕೆ ಮುರಿತ ಕಾಣುತ್ತಿಲ್ಲವೆಂದಷ್ಟೇ ಹೇಳುತ್ತದೆ. ರಕ್ತದ ಮೂಲಕ ಬರುವ ಬ್ಯಾಕ್ಟೀರಿಯಾ, ಬಹುಪಾಲು ಸ್ಟ್ಯಾಫಿಲೊಕಾಕಸ್ ಆರಿಯಸ್, ಬೆಳೆಯುವ ಮೂಳೆಯ ತುದಿಯ ಸಮೀಪ, ರಕ್ತ ನಿಧಾನವಾಗಿ ಹರಿಯುವಲ್ಲಿ ನೆಲೆಯೂರುತ್ತದೆ. ತೊಡೆಮೂಳೆಯ ಮೇಲ್ಭಾಗದಲ್ಲಿ ಆ ಜಾಗ ಕೀಲಿನ ಚೀಲದೊಳಗೇ ಇರುವುದರಿಂದ ಕೀವು ಒಡೆದರೆ ನೇರವಾಗಿ ಕೀಲಿಗೆ ಇಳಿಯುತ್ತದೆ, ಅಲ್ಲಿ ಮೃದ್ವಸ್ಥಿಯನ್ನು (ಮೂಳೆತುದಿಯ ನುಣುಪಾದ ಹೊದಿಕೆಯನ್ನು) ತಿನ್ನುವುದಲ್ಲದೆ ತನ್ನ ಒತ್ತಡದಿಂದ ತೊಡೆಮೂಳೆಯ ತಲೆಗೆ ಹೋಗುವ ರಕ್ತವನ್ನೂ ತಡೆಯುತ್ತದೆ. ಹೀಗೆ ಹಾಳಾದ ಕೀಲು ಮರಳಿ ಮೊದಲಿನಂತಾಗುವುದಿಲ್ಲ. ಮುಂದೆ ಕಾಲು ಗಿಡ್ಡವಾಗಬಹುದು, ಕುಂಟು ಉಳಿಯಬಹುದು.

ನೆಗಡಿಯ ಬಳಿಕ ಬಂದು ತಾನಾಗಿಯೇ ಶಮನವಾಗುವ ಸೊಂಟದ ಉರಿಯೂತವೂ ಮಕ್ಕಳಲ್ಲಿ ಸಾಮಾನ್ಯ. ಆದರೆ 38.5 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ಕಾಲೂರದಿರುವುದು, 40 ದಾಟಿದ ಇಎಸ್‌ಆರ್ (ಉರಿಯೂತ ತಿಳಿಸುವ ರಕ್ತಪರೀಕ್ಷೆ), 12,000 ಮೀರಿದ ಬಿಳಿ ರಕ್ತಕಣಗಳು, ಈ ನಾಲ್ಕರಲ್ಲಿ ಹೆಚ್ಚು ಹೆಚ್ಚು ಕಂಡಂತೆಲ್ಲ ಕೀವಿನ ಸಂಶಯ ಬಲವಾಗುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ದ್ರವ ಕಂಡರೆ ಸೂಜಿಯಿಂದ ತೆಗೆದು ಪರೀಕ್ಷಿಸುತ್ತಾರೆ. ಕೀವೆಂದು ತಿಳಿದರೆ ಕೀಲನ್ನು ತೆರೆದು ತೊಳೆಯುವುದನ್ನು ಮರುದಿನಕ್ಕೆ ಮುಂದೂಡಬಾರದು. ಅರಿವಳಿಕೆ ಬೇಕಾಗಬಹುದಾದ್ದರಿಂದ, ಹೊರಡುವ ಮುನ್ನ ಮಗನಿಗೆ ಊಟ ಕೊಡಬಹುದೇ ಎಂದು ಆಸ್ಪತ್ರೆಗೆ ಫೋನ್ ಮಾಡಿ ಕೇಳಿಕೊಳ್ಳಿ.

ಎಣ್ಣೆ ಹಚ್ಚಿ ನೀವುವುದು ಬೇಡ. ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ತಂದು ಕೊಡುವುದಂತೂ ಬೇಡವೇ ಬೇಡ, ಏಕೆಂದರೆ ರಕ್ತದ ಕಲ್ಚರ್‌ಗೆ (ರಕ್ತದಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಪರೀಕ್ಷೆಗೆ) ಮೊದಲೇ ಅದು ಹೊಟ್ಟೆ ಸೇರಿದರೆ ಯಾವ ಬ್ಯಾಕ್ಟೀರಿಯಾ ಎಂಬುದೇ ತಿಳಿಯದೆ ಹೋಗಬಹುದು. ಆಸ್ಪತ್ರೆಯಲ್ಲಿ ಆರಂಭದ ಕೆಲವು ದಿನ ಆಂಟಿಬಯೋಟಿಕ್ ರಕ್ತನಾಳದ ಮೂಲಕ, ಸಿಆರ್‌ಪಿ (ಉರಿಯೂತ ತಿಳಿಸುವ ಇನ್ನೊಂದು ರಕ್ತಪರೀಕ್ಷೆ) ಇಳಿದ ಮೇಲೆ ಬಾಯಿಯ ಮೂಲಕ. ತೊಡಕಿಲ್ಲದಿದ್ದರೆ ಒಟ್ಟು ಎರಡರಿಂದ ನಾಲ್ಕು ವಾರ. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಬೇಡಿ.