ಎಎಂಸಿ ಕಟ್ಟಿದರೆ ಲಿಫ್ಟ್ ಪರಿಶೀಲನೆ ಆದ ಹಾಗಲ್ಲ

ವಿದ್ಯಾನಗರದಲ್ಲಿ ನಾಲ್ಕು ಮಹಡಿ ಕಟ್ಟಿಸಿದ್ದೀರಿ, ಲಿಫ್ಟ್ ಕಂಪನಿಗೆ ವರ್ಷ ವರ್ಷ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆ ಒಪ್ಪಂದದ ದುಡ್ಡು ಕಟ್ಟುತ್ತಿದ್ದೀರಿ, ಅದರ ಮೇಲೆ ಸರ್ಕಾರದ ಪರಿಶೀಲನೆ ಯಾಕೆ ಅಂತ ಕೇಳಿದ್ದೀರಿ. ಬೇಕು ಸರ್. ನಾನೂ ದಾವಣಗೆರೆಯವನೇ, ನಮ್ಮದೂ ಬಾಡಿಗೆ ಮನೆಗಳ ಕಟ್ಟಡ.

ಮೊದಲು ಕಾನೂನಿನ ಮಾತು ಮುಗಿಸುತ್ತೇನೆ. ಲಿಫ್ಟ್, ಎಸ್ಕಲೇಟರ್‌ಗಳಿಗೆ ಅಂತಲೇ ಕರ್ನಾಟಕದಲ್ಲಿ 2012ರ ಕಾಯ್ದೆ ಇದೆ. ಇದನ್ನು ನೋಡಿಕೊಳ್ಳುವುದು ವಿದ್ಯುತ್ ಪರಿವೀಕ್ಷಣಾಲಯ, ಬೆಸ್ಕಾಂ ಅಲ್ಲ. ಲಿಫ್ಟ್ ಕೂರಿಸುವ ಮುಂಚೆ ಅನುಮತಿ, ಓಡಿಸುವ ಮುಂಚೆ ಲೈಸೆನ್ಸ್, ಆಮೇಲೆ ಕಾಲಕಾಲಕ್ಕೆ ಪರಿಶೀಲನೆ. ಇದೆಲ್ಲದರ ಹೊಣೆ ಕಟ್ಟಡದ ಮಾಲೀಕರ ಮೇಲೆ. ಎಎಂಸಿ ಅನ್ನುವುದು ನೀವು ಮತ್ತು ಕಂಪನಿ ಮಾಡಿಕೊಂಡ ಒಪ್ಪಂದ ಅಷ್ಟೇ. ಕೆಲಸ ಮಾಡಿದವರೇ ತಮ್ಮ ಕೆಲಸ ಸರಿಯಿದೆ ಅಂದರೆ ಸಾಕಾಗುವುದಿಲ್ಲ ಅಲ್ವಾ?

ನಮ್ಮಲ್ಲಿ ಆದದ್ದು ಕೇಳಿ. ನಮ್ಮದು ಕೈಯಿಂದ ಎಳೆದು ತೆಗೆಯುವ ಬಾಗಿಲಿನ ಹಳೇ ಲಿಫ್ಟ್. ಒಂದು ದಿನ ಬೆಳಿಗ್ಗೆ ಅಮ್ಮ ದೇವಸ್ಥಾನಕ್ಕೆ ಅಂತ ಮೂರನೇ ಮಹಡಿಯಲ್ಲಿ ಹೊರಟು ನಿಂತಿದ್ದಾರೆ, ಲಿಫ್ಟಿನ ಬಾಗಿಲು ಅರ್ಧ ತೆರೆದೇ ಇದೆ, ಲಿಫ್ಟ್ ಬಂದಿದೆ ಅಂದುಕೊಂಡು ಒಂದು ಕಾಲು ಎತ್ತಿದ್ದಾರೆ. ಒಳಗೆ ಲೈಟ್ ಇಲ್ಲವಲ್ಲ ಅಂತ ತಡೆದರು. ಲಿಫ್ಟ್ ಕೆಳಗಿತ್ತು. ಮುಂದೆ ಬರೀ ಗುಂಡಿ. ಅದನ್ನು ನೆನೆದರೆ ಈಗಲೂ ನನಗೆ ಕೈಕಾಲು ತಣ್ಣಗಾಗುತ್ತವೆ.

ಹೀಗಾಗಲು ಕಾರಣ ಒಂದು ಗೇಣುದ್ದದ ವೈರು. ಪ್ರತಿ ಮಹಡಿಯ ಬಾಗಿಲಿಗೂ ಒಂದು ಲಾಕ್, ಬಾಗಿಲು ಮುಚ್ಚಿದಾಗ ಮಾತ್ರ ಕರೆಂಟ್ ಹರಿಯಬಿಡುವ ಒಂದು ಕಾಂಟ್ಯಾಕ್ಟ್ ಇರುತ್ತದೆ. ಎಲ್ಲ ಕಾಂಟ್ಯಾಕ್ಟುಗಳೂ ಸರಪಳಿಯ ಹಾಗೆ ಒಂದೇ ಸಾಲಿನಲ್ಲಿ, ಯಾವುದೇ ಒಂದು ಬಾಗಿಲು ಸರಿಯಾಗಿ ಮುಚ್ಚದಿದ್ದರೂ ಕರೆಂಟ್ ಕಡಿದು ಲಿಫ್ಟ್ ಕದಲಬಾರದು. ಅದರ ಹಿಂದಿನ ವಾರ ಮೂರನೇ ಮಹಡಿಯ ಕಾಂಟ್ಯಾಕ್ಟ್ ಕೈಕೊಟ್ಟು ಲಿಫ್ಟ್ ನಿಂತಿತ್ತು. ಬಾಡಿಗೆದಾರರು ಗಲಾಟೆ ಮಾಡಿದರು, ನಾನೂ ಬೇಗ ಬೇಗ ಅಂದೆ. ಮೆಕ್ಯಾನಿಕ್ ವೈರು ಹಾಕಿ ಅದನ್ನು ಬೈಪಾಸ್ ಮಾಡಿ, ಪಾರ್ಟ್ ತರುತ್ತೇನೆ ಅಂತ ಹೋದವನು ಬರಲೇ ಇಲ್ಲ. ಯಾರೋ ಬಾಗಿಲು ಪೂರ್ತಿ ಎಳೆಯದೆ ಹೋಗಿದ್ದಾರೆ, ಕೆಳಗಿನವರು ಬಟನ್ ಒತ್ತಿದ್ದಾರೆ, ತೆರೆದ ಬಾಗಿಲು ಬಿಟ್ಟು ಲಿಫ್ಟ್ ಇಳಿದು ಹೋಗಿದೆ. ಎಎಂಸಿ ಆಗಲೂ ಚಾಲ್ತಿಯಲ್ಲಿತ್ತು.

ಜನಕ್ಕೆ ಹಗ್ಗ ಕಡಿದು ಬೀಳುವ ಭಯ ಜಾಸ್ತಿ. ಅದಕ್ಕೆ ಒಂದಕ್ಕಿಂತ ಹೆಚ್ಚು ಹಗ್ಗ ಇರುತ್ತವೆ, ವೇಗ ಮಿತಿ ಮೀರಿದರೆ ಗವರ್ನರ್ ಅನ್ನುವ ವೇಗ ಕಾಯುವ ಸಾಧನ ಕೆಲಸ ಮಾಡಿ, ಸೇಫ್ಟಿ ಗೇರ್ ಅನ್ನುವ ಬ್ರೇಕು ಹಳಿಯನ್ನೇ ಕಚ್ಚಿ ಹಿಡಿಯುತ್ತದೆ. ನನ್ನ ಭಯ ಎಲ್ಲ ಬಾಗಿಲಿನದು.

ಮುಂದಿನ ಸರ್ವಿಸ್ ದಿನ ನೀವೇ ಪಕ್ಕದಲ್ಲಿ ನಿಲ್ಲಿ. ಒಂದೊಂದೇ ಮಹಡಿಯ ಬಾಗಿಲು ಸ್ವಲ್ಪ ತೆರೆದಿಟ್ಟು ಲಿಫ್ಟ್ ಕದಲುತ್ತದಾ ಅಂತ ಮೆಕ್ಯಾನಿಕ್ ಕೈಯಲ್ಲೇ ಪರೀಕ್ಷೆ ಮಾಡಿಸಿ. ಕರೆಂಟ್ ಹೋದಾಗ ಹತ್ತಿರದ ಮಹಡಿಗೆ ತರುವ ಎಆರ್‌ಡಿ ಇದ್ದರೆ, ಮೇನ್ ಸ್ವಿಚ್ ಆಫ್ ಮಾಡಿಸಿ ಅದನ್ನೂ ನೋಡಿ, ಬ್ಯಾಟರಿ ಸತ್ತು ಎಷ್ಟು ತಿಂಗಳಾಯಿತೋ ಯಾರಿಗೂ ಗೊತ್ತಿರುವುದಿಲ್ಲ. ಅಲಾರಂ, ಒಳಗಿನ ಎಮರ್ಜೆನ್ಸಿ ಲೈಟ್, ಮಳೆಗಾಲದಲ್ಲಿ ಲಿಫ್ಟ್ ದಾರಿಯ ತಳದ ಗುಂಡಿಯಲ್ಲಿ, ಅಂದರೆ ಪಿಟ್‌ನಲ್ಲಿ ನೀರು, ಇವಿಷ್ಟು ನೀವೇ ನೋಡಬಹುದು. ಒಳಗಿನ ಬೋರ್ಡಿನಲ್ಲಿ 6 ಜನ, 408 ಕೆಜಿ ಅಂತ ಇದ್ದರೆ ತಲೆಗೆ 68 ಕೆಜಿ ಲೆಕ್ಕ, ಮನೆ ಖಾಲಿ ಮಾಡುವವರು ಬೀರು ತುಂಬಿದಾಗ ಆ ತೂಕ ನೆನಪಿರಲಿ.

ಇನ್ನೊಂದು ಮಾತು. ಬಾಗಿಲು ತೆರೆಯುವ ಎಮರ್ಜೆನ್ಸಿ ಕೀ ಸುಮ್ನೆ ಯಾರ ಕೈಗೂ ಕೊಡಬೇಡಿ, ತರಬೇತಿ ಇಲ್ಲದ ವಾಚ್‌ಮನ್‌ಗಂತೂ ಬೇಡವೇ ಬೇಡ. ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತಾಗ ಬಾಗಿಲು ತೆಗೆದು ಜನರನ್ನು ಎಳೆದುಕೊಳ್ಳುತ್ತಾರೆ, ಆಗ ಲಿಫ್ಟಿನ ತಳಕ್ಕೂ ಮಹಡಿಗೂ ನಡುವೆ ಇರುವ ಸಂದಿನಿಂದ ಕಾಲು ಜಾರಿದರೆ ನೇರ ಪಿಟ್‌ಗೆ. ಒಳಗಿದ್ದವರಿಗೆ ಧೈರ್ಯ ಹೇಳಿ, ಮೆಕ್ಯಾನಿಕ್ ಬರುವವರೆಗೆ ಕಾಯಿಸಿ. ಒಳಗೆ ಗಾಳಿ ಆಡುತ್ತಿರುತ್ತದೆ, ಉಸಿರು ಕಟ್ಟುವುದಿಲ್ಲ.

ನಿಮ್ಮ ಲೈಸೆನ್ಸ್ ಪತ್ರ ಇವತ್ತೇ ಹುಡುಕಿ ತೆಗೆಯಿರಿ. ಸಿಗದಿದ್ದರೆ ಲಿಫ್ಟ್ ಕಂಪನಿಯವರನ್ನು ಕೇಳಿ, ಅವರೂ ತಡವರಿಸಿದರೆ ನೇರವಾಗಿ ಪರಿವೀಕ್ಷಣಾಲಯದ ಕಚೇರಿಗೆ ಹೋಗಿ ಅರ್ಜಿ ಕೊಡಿ.